ಓದಲು ಬಿಟ್ಟರು, ಬರೆಯಲು ಬಿಡಲಿಲ್ಲ

ಅಮೆರಿಕ ಇನ್ನೂ ಇಂಗ್ಲಿಷರ ವಸಾಹತಾಗಿದ್ದ ಕಾಲದ, ಹಳೇ ಬಾಸ್ಟನ್ ಕಡೆಯ ಜಮೀನು ಪತ್ರ, ಉಯಿಲುಗಳಲ್ಲಿ ಗಂಡಸರು ಸಾಮಾನ್ಯವಾಗಿ ಸಹಿ ಹಾಕಿರುತ್ತಾರೆ. ಹೆಂಗಸರ ಹೆಸರಿನ ಪಕ್ಕ ಎಷ್ಟೋ ಕಡೆ ಬರೀ ಒಂದು ಗೀಟು. ನಮ್ಮ ಹೆಬ್ಬೆಟ್ಟಿನ ಹಾಗೆ. ಮೊದಲ ಸಲ ನೋಡಿದಾಗ, ಪಾಪ, ಅಕ್ಷರ ಗೊತ್ತಿಲ್ಲದವಳು ಅಂದುಕೊಂಡಿದ್ದೆ. ಹಾಗೇ ಇರಬೇಕೆಂದಿಲ್ಲ. ಆಕೆ ದಿನಾ ಬೈಬಲ್ ಓದುತ್ತಿದ್ದವಳೇ ಇರಬಹುದು. ಬರೆಯುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ನಾವು 'ಓದುಬರಹ' ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಅಲ್ಲಿ ಅವೆರಡೂ ಬೇರೆ ಬೇರೆ ವಿದ್ಯೆ. ಮೊದಲು ಓದು. ಬರಹ ಆಮೇಲೆ, ಅದೂ ಬೇಕಾದವರಿಗೆ ಮಾತ್ರ.

ಬಾಸ್ಟನ್ ಇರುವ ಮಸಾಚುಸೆಟ್ಸ್‌ನಲ್ಲಿ ಇಂಗ್ಲೆಂಡಿನಿಂದ ಬಂದು ನೆಲೆಸಿದ ಕಟ್ಟಾ ಕ್ರೈಸ್ತರಾದ ಪ್ಯೂರಿಟನ್ನರ ಮೇಲೆ ನನಗೆ ಗೌರವವೂ ಇದೆ. ಮಕ್ಕಳಿಗೆ ಓದು ಕಲಿಸುವುದು ಹೆತ್ತವರ ಹೊಣೆ ಅಂತ 1642ರಲ್ಲೇ ಕಾನೂನು ಮಾಡಿದವರು ಅವರು. 1647ರಲ್ಲಿ, 50 ಮನೆಗಳಿರುವ ಊರು ಒಬ್ಬ ಮೇಷ್ಟ್ರನ್ನು ಇಟ್ಟುಕೊಳ್ಳಲೇಬೇಕು ಅಂದರು. ಕಾರಣ ಧರ್ಮ. ಬೈಬಲ್ ಗೊತ್ತಿಲ್ಲದವರನ್ನು ಸೈತಾನ ಸುಲಭವಾಗಿ ಮೋಸ ಮಾಡುತ್ತಾನೆ ಅನ್ನೋ ಭಯ. ಆ ಭಯವನ್ನು ನಾನು ಹಗುರವಾಗಿ ನೋಡಲಾರೆ. ಸಾವು ಅಷ್ಟು ಹತ್ತಿರವಿತ್ತು. ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರ್ ಮನೆಗೆ 1713ರಲ್ಲಿ ದಡಾರ ಬಂತು. ಎರಡೇ ವಾರದಲ್ಲಿ ಹೆಂಡತಿ, ಆಗಷ್ಟೇ ಹುಟ್ಟಿದ ಅವಳಿ ಮಕ್ಕಳು, ಎರಡು ವರ್ಷದ ಮಗಳು, ಮನೆಗೆಲಸದ ಹುಡುಗಿ ಎಲ್ಲರೂ ಹೋದರು. ಮೇದರ್ ಅವರಿಗೆ ಹುಟ್ಟಿದ 15 ಮಕ್ಕಳಲ್ಲಿ ಅವರ ನಂತರ ಉಳಿದದ್ದು ಇಬ್ಬರೇ. ಇಂಥ ಮನೆಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೇ ಪಾಪ, ಸಾವು, ದೇವರು ಎಲ್ಲವನ್ನೂ ಹೇಳಿಕೊಡುತ್ತಿದ್ದರು.

ಆ ಮಕ್ಕಳ ಮೊದಲ ಪುಸ್ತಕ ಪುಸ್ತಕವೇ ಅಲ್ಲ, ಹಿಡಿ ಇರುವ ಒಂದು ಚಿಕ್ಕ ಮರದ ಹಲಗೆ. ಮೇಲೆ ಒಂದು ಹಾಳೆ: ಅಕ್ಷರಮಾಲೆ, ಕಾಗುಣಿತದ ಥರ ಕೂಡಿಸಿದ ಅಕ್ಷರಗಳು, ಕೆಳಗೆ ಯೇಸು ಕಲಿಸಿದ ಪ್ರಾರ್ಥನೆ. ಹಾಳೆ ಕೊಳೆಯಾಗದಿರಲಿ ಅಂತ ದನದ ಕೊಂಬನ್ನು ಗಾಜಿನಂತೆ ಆಚೆಯದು ಕಾಣುವಷ್ಟು ತೆಳ್ಳಗೆ ಮಾಡಿ ಅದರ ಮೇಲೆ ಕೂರಿಸುತ್ತಿದ್ದರು. ನೆರೆಮನೆಯ ಹೆಂಗಸು ತನ್ನ ಮನೆಯಲ್ಲೇ, ತನ್ನ ಕೆಲಸದ ನಡುವೆ, ಮಕ್ಕಳನ್ನು ಕೂರಿಸಿಕೊಂಡು ಕಲಿಸುತ್ತಿದ್ದಳು. ಎಷ್ಟೋ ಹೆಣ್ಣುಮಕ್ಕಳ ಶಾಲೆ ಅಲ್ಲಿಗೇ ಮುಗಿಯಿತು. ಗಂಡುಮಕ್ಕಳು ಮುಂದೆ ಲೇಖನಿ ಹಿಡಿದರು, ಹೆಣ್ಣುಮಕ್ಕಳು ಸೂಜಿ ಹಿಡಿದರು.

ಇದು ಸುಮ್ನೆ ಆದದ್ದಲ್ಲ. ಓದುವವಳು ಇನ್ನೊಬ್ಬರ ಮಾತು ಕೇಳುತ್ತಾಳೆ. ಬರೆಯುವವಳು ತನ್ನ ಮಾತು ಹೇಳುತ್ತಾಳೆ. 1645ರಲ್ಲಿ, ಮಸಾಚುಸೆಟ್ಸ್‌ನಲ್ಲಿ ಹಲವು ಸಲ ಗವರ್ನರ್ ಆಗಿದ್ದ ಜಾನ್ ವಿಂತ್ರಾಪ್ ತಮ್ಮ ದಿನಚರಿಯಲ್ಲಿ ಪಕ್ಕದ ಕನೆಕ್ಟಿಕಟ್‌ನ ಗವರ್ನರ್ ಹೆಂಡತಿಯ ಬಗ್ಗೆ ಬರೆದಿದ್ದಾರೆ. ಆಕೆಗೆ ಬುದ್ಧಿಭ್ರಮಣೆ ಆಗಿತ್ತು. ಜಾಸ್ತಿ ಓದಿ ಬರೆದದ್ದೇ ಕಾರಣ, ಮನೆಗೆಲಸ ನೋಡಿಕೊಂಡಿದ್ದರೆ ಬುದ್ಧಿ ಸರಿಯಿರುತ್ತಿತ್ತು ಅಂತ ಅವರ ತೀರ್ಮಾನ. ಓದಿದಾಗ ನನಗೆ ಹೊಟ್ಟೆ ಉರಿಯಿತು. ಐದೇ ವರ್ಷಕ್ಕೆ, 1650ರಲ್ಲಿ, ಅದೇ ಮಸಾಚುಸೆಟ್ಸ್‌ನ ಆನ್ ಬ್ರ್ಯಾಡ್‌ಸ್ಟ್ರೀಟ್ ಅವರ ಕವನಗಳು ಲಂಡನ್ನಿನಲ್ಲಿ ಅಚ್ಚಾದವು. ಮುನ್ನುಡಿಯಲ್ಲಿ ಅವರ ಭಾವ ಏನು ಹೇಳಬೇಕಾಯಿತು ಗೊತ್ತಾ? ಇದನ್ನು ಹೆಂಗಸೇ ಬರೆದದ್ದು, ನಿದ್ದೆಗೆಟ್ಟು ಬರೆದದ್ದು, ಸಂಸಾರದ ಕೆಲಸ ಬಿಟ್ಟು ಅಲ್ಲ ಅಂತ.

ದಕ್ಷಿಣದ ವಸಾಹತುಗಳಲ್ಲಿ ಓದು, ಬರಹದ ನಡುವಿನ ಇದೇ ಗೆರೆಯನ್ನು ಕಾನೂನೇ ಎಳೆಯಿತು. 1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೋ ನದಿಯ ಹತ್ತಿರ ಗುಲಾಮರು ದಂಗೆ ಎದ್ದರು. ಮರುವರ್ಷದ ಕಾನೂನಿನಲ್ಲಿ, ಗುಲಾಮರಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ. ಓದಿನ ಮಾತೇ ಇಲ್ಲ, ತಡೆ ಇದ್ದದ್ದು ಬರಹಕ್ಕೆ. ಯಜಮಾನನ ಚೀಟಿ ಇಲ್ಲದೆ ಗುಲಾಮ ಆಚೆ ಹೋಗುವಂತಿರಲಿಲ್ಲ. ಬರೆಯಲು ಬಂದರೆ ಚೀಟಿ ತಾನೇ ಬರೆದುಕೊಳ್ಳಬಹುದು, ಅಲ್ವಾ?

ಫಿಲಿಸ್ ವೀಟ್ಲಿಯನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಬಾಸ್ಟನ್ನಿನಲ್ಲಿ ಮಾರಿದ್ದು 1761ರಲ್ಲಿ. ವಯಸ್ಸು ಸುಮಾರು ಏಳು. ಕೊಂಡವರ ಮನೆಯಲ್ಲಿ ಓದು ಕಲಿಸಿದರು. ಹುಡುಗಿ ಬರೆಯಲೂ ಕಲಿತಳು, ಕವನ ಕಟ್ಟಿದಳು. 1773ರಲ್ಲಿ ಲಂಡನ್ನಿನಲ್ಲಿ ಆಕೆಯ ಪುಸ್ತಕ ಬಂತು. ಅದರ ಮೊದಲ ಪುಟಗಳಲ್ಲಿ ಒಂದು ಪ್ರಮಾಣಪತ್ರವಿದೆ. ಈ ಕವನಗಳನ್ನು ಈ ಹುಡುಗಿಯೇ ಬರೆದದ್ದೆಂದು ನಾವು ನಂಬುತ್ತೇವೆ ಅಂತ. ಕೆಳಗೆ ಗವರ್ನರ್, ಪಾದ್ರಿಗಳು, ಊರಿನ ದೊಡ್ಡ ಮನುಷ್ಯರು, ಒಟ್ಟು 18 ಗಂಡಸರ ಹೆಸರು.