ಸೇತುವೆ ಮುಳುಗಿದೆ, ದಯವಿಟ್ಟು ಸಹಕರಿಸಿ

ಜುಲೈ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ ಸೀಮೆಯ ವರದಿಗಾರರಿಗೆ ಒಂದು ಅನುಕೂಲ. ಸುದ್ದಿ ಬರೆಯುವ ಕಷ್ಟವೇ ಇಲ್ಲ, ಹೋದ ವರ್ಷದ್ದನ್ನು ತೆಗೆದು ಇಸವಿ ತಿದ್ದಿದರಾಯಿತು. ಮೇಲೆ ಮಹಾರಾಷ್ಟ್ರದ ಕೊಯ್ನಾದಲ್ಲಿ ಮಳೆ, ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ಕೆಳಹಂತದ ಸೇತುವೆಗಳು ಜಲಾವೃತ: ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ. ಮಗ್ಗಿಯ ಹಾಗೆ ಬಾಯಿಪಾಠವಾಗಿರುವ ಹೆಸರುಗಳು. ಕೊನೆಗೆ ಆಡಳಿತದ ಮನವಿ: ಸಾರ್ವಜನಿಕರು ಪರ್ಯಾಯ ಮಾರ್ಗ ಬಳಸಿ ಸಹಕರಿಸಬೇಕು. ಸಹಕರಿಸದೆ ಏನು ಮಾಡ್ತಾರೆ, ಈಜುತ್ತಾರೆಯೇ?

‘ಕೆಳಹಂತದ ಸೇತುವೆ’ ಎಂಬುದು ನಮ್ಮ ಎಂಜಿನಿಯರಿಂಗಿನ ವಿಶಿಷ್ಟ ಕೊಡುಗೆ. ವರ್ಷದ ಹತ್ತು ತಿಂಗಳು, ಅಂದರೆ ಹೊಳೆ ಮೊಣಕಾಲುದ್ದ ಇಳಿದು ಸೇತುವೆಯ ಅಗತ್ಯ ಅಷ್ಟೇನೂ ಇಲ್ಲದಾಗ, ಅದು ಶ್ರದ್ಧೆಯಿಂದ ಸೇವೆ ಸಲ್ಲಿಸುತ್ತದೆ. ಹೊಳೆ ತುಂಬಿದ ದಿನ ರಜೆ ಹಾಕುತ್ತದೆ. ಎಷ್ಟೋ ಕಡೆ ಇದು ಹುಟ್ಟಿನಿಂದ ಸೇತುವೆಯೇ ಆಗಿರುವುದಿಲ್ಲ. ಬೇಸಿಗೆಗೆ ನೀರು ನಿಲ್ಲಿಸಲು ಬ್ಯಾರೇಜು ಕಟ್ಟಿ, ಹೇಗೂ ಕಂಬಗಳಿವೆಯಲ್ಲ ಎಂದು ತಲೆಯ ಮೇಲೆ ಒಂದು ಕಿರಿದಾದ ರಸ್ತೆ ಹಾಸಿರುತ್ತಾರೆ. ಗೇಟು ಕೂರಿಸಬೇಕಾದ್ದರಿಂದ ಕಂಬಗಳು ಹತ್ತಿರ ಹತ್ತಿರ. ಮಳೆಗಾಲಕ್ಕೆ ಮುಂಚೆ ಗೇಟು ತೆಗೆದರೂ ಕಂಬಗಳನ್ನು ತೆಗೆಯಲಾಗದು. ಹೊಳೆ ತರುವ ಮರದ ದಿಮ್ಮಿ, ಅಂತರಗಂಗೆ, ಕಬ್ಬಿನ ರವದಿ ಎಲ್ಲ ಆ ಸಂದಿಗಳಲ್ಲಿ ಸಿಕ್ಕಿಕೊಂಡು, ಮೇಲ್ಗಡೆ ನೀರು ಇನ್ನಷ್ಟು ಏರುತ್ತದೆ. ತನ್ನ ಮುಳುಗಡೆಗೆ ತಾನೇ ಕೈಜೋಡಿಸುವ ಇಂಥ ಸ್ವಾವಲಂಬಿ ರಚನೆ ಬೇರೆಲ್ಲಿದೆ?

ನಿಯಮ ಇಲ್ಲವೆಂದಲ್ಲ. ಸೆಕೆಂಡಿಗೆ 3,000 ಘನ ಮೀಟರಿಗಿಂತ ಹೆಚ್ಚು, ಅಂದರೆ ಲಕ್ಷದ ಮೇಲೆ ಚಿಲ್ಲರೆ ಕ್ಯೂಸೆಕ್, ಹರಿಯುವ ನದಿಯಾದರೆ ಗರಿಷ್ಠ ಪ್ರವಾಹ ಮಟ್ಟಕ್ಕೂ ಸೇತುವೆಯ ಹೊಟ್ಟೆಗೂ ಕನಿಷ್ಠ 1.5 ಮೀಟರ್ ಅಂತರ ಇರಬೇಕೆಂದು, ರಸ್ತೆ-ಸೇತುವೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. ಅಂತರವನ್ನು ನಮ್ಮವರೂ ಬಿಟ್ಟಿದ್ದಾರೆ. ನೀರು ಮೇಲೆ, ಸೇತುವೆ ಕೆಳಗೆ, ಅಷ್ಟೇ ವ್ಯತ್ಯಾಸ.

ಮುಳುಗುವ ಸೇತುವೆ ಕಟ್ಟುವುದೇ ತಪ್ಪು ಎನ್ನುವಂತಿಲ್ಲ. ಹಳ್ಳಕ್ಕೆ ಒಮ್ಮೆಲೇ ನೀರು ಬಂದು ನಾಲ್ಕು ತಾಸಿನಲ್ಲಿ ಇಳಿದುಹೋಗುವಲ್ಲಿ, ಗಾಡಿ ಓಡಾಟ ಕಡಿಮೆ ಇರುವಲ್ಲಿ, ಅದು ಜಾಣ ಖರ್ಚು. ಆದರೆ ಕೃಷ್ಣೆ, ದೂಧಗಂಗೆ, ವೇದಗಂಗೆ ನಾಲ್ಕು ತಾಸಿಗೆ ಇಳಿಯುವ ಹೆಂಗಸರಲ್ಲ. ಬಂದರೆ ವಾರಗಟ್ಟಲೆ ಠಿಕಾಣಿ. ಅಷ್ಟು ದಿನ ಡೇರಿಗೆ ಹಾಲು ಹೋಗುವುದಿಲ್ಲ, ಮಕ್ಕಳು ಶಾಲೆಗೆ ಹೋಗುವುದಿಲ್ಲ, ಬಸುರಿಯನ್ನು ದಿನ ತುಂಬುವ ಮೊದಲೇ ನೆಂಟರ ಮನೆಗೆ ಸಾಗಿಸಬೇಕು. ಇದಕ್ಕೆ ನೈಸರ್ಗಿಕ ವಿಕೋಪ ಎಂಬ ಹೆಸರು ಬೇರೆ. ಸೇತುವೆಯ ಮಟ್ಟ ಎಷ್ಟೆಂದು ನಕ್ಷೆಯಲ್ಲಿದೆ, 2019ರಲ್ಲಿ ನೀರು ಎಲ್ಲಿಗೆ ಬಂತೆಂದು ಊರಿನ ಗೋಡೆಗಳಲ್ಲಿದೆ. ಕಳೆಯುವ ಲೆಕ್ಕ ಬಂದರೆ ಸಾಕಿತ್ತು. ಅದನ್ನೂ ಮಾಡದೆ ಪ್ರತಿ ವರ್ಷ ಮುಳ್ಳುಕಂಟಿ ಅಡ್ಡ ಹಾಕಿ, ಪೊಲೀಸರೊಬ್ಬರನ್ನು ಮಳೆಯಲ್ಲಿ ನಿಲ್ಲಿಸಿ ಮನೆಗೆ ಹೋಗುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ?

ಇರಲಿ. ಎತ್ತರದ ಹೊಸ ಸೇತುವೆ ಮಂಜೂರಾಯಿತು ಎಂದುಕೊಳ್ಳಿ. ಗುದ್ದಲಿ ಪೂಜೆ ಆಯಿತು, ಗುದ್ದಲಿ ವಾಪಸು ಕಾರು ಹತ್ತಿತು. ಹೊಳೆಯ ನಡುವಿನ ಜಾಗ ಸರ್ಕಾರದ್ದೇ, ಕೇಳುವವರಿಲ್ಲ, ಆದ್ದರಿಂದ ಕಂಬಗಳು ಬೇಗ ಏಳುತ್ತವೆ. ತೊಡಕು ಇರುವುದು ದಡದಲ್ಲಿ. ದಡದಿಂದ ಸೇತುವೆಗೆ ಹತ್ತಿಸುವ ಆರು ಮೀಟರ್ ಎತ್ತರದ ಕೂಡುರಸ್ತೆಗೆ ಮೇಲೆ 12 ಮೀಟರ್ ಅಗಲ ಬೇಕು. ಒಂದು ಮೀಟರ್ ಎತ್ತರಕ್ಕೆ ಎರಡೂ ಬದಿಗೆ ಎರಡೆರಡು ಮೀಟರ್ ಇಳಿಜಾರು ಕೊಟ್ಟರೆ ಬುಡದಲ್ಲಿ 36 ಮೀಟರ್ ಆಗುತ್ತದೆ. ಅಷ್ಟಗಲದ ಕಬ್ಬಿನ ಹೊಲ ಯಾರದ್ದು ಎಂಬ ಪ್ರಶ್ನೆ ಟೆಂಡರ್ ಕರೆದವರಿಗೆ ಹೊಳೆಯುವುದು ಕಂಬ ಎದ್ದ ಮೇಲೆ. ಆಮೇಲೆ ಅಧಿಸೂಚನೆ, ಆಕ್ಷೇಪಣೆ, ಪರಿಹಾರ, ಕೋರ್ಟು. ಅಷ್ಟರವರೆಗೆ ಎರಡೂ ತುದಿಗೆ ದಾರಿಯಿಲ್ಲದ ಸೇತುವೆ ಆಕಾಶದಲ್ಲಿ ನಿಂತಿರುತ್ತದೆ, ಊರವರು ಅದರ ನೆರಳಲ್ಲಿ ದೋಣಿಗೆ ಕಾಯುತ್ತಾರೆ. ಬಿಸಿಲಿಗೆ ಅನುಕೂಲವೇ.

ಜಾಗ ಸಿಕ್ಕ ಮೇಲಾದರೂ ಮಣ್ಣು ಹಾಕುವುದು ಹೇಗೆ? ಸೇತುವೆಯ ತುದಿಗೋಡೆಯ ಹಿಂದೆ ನೀರು ಬಸಿದುಹೋಗುವಂಥ ಮರಳು, ಗರಸು ತುಂಬಬೇಕು, ತೆಳು ಪದರಗಳಲ್ಲಿ ನೀರು ಹಾಕಿ ರೋಲರ್ ಹೊಡೆಯಬೇಕು, ಗೋಡೆಯ ತೂತುಗಳು ಮುಚ್ಚಿಕೊಳ್ಳದಂತೆ ಜಲ್ಲಿಯ ಪದರ ಕೊಡಬೇಕು. ಪಕ್ಕದ ಹೊಲದಲ್ಲಿ ಎರೆಮಣ್ಣು ಪುಕ್ಕಟೆ ಇರುವಾಗ ಇಷ್ಟೆಲ್ಲ ಯಾಕೆ? ಎರೆಮಣ್ಣು ಮಳೆಗೆ ಉಬ್ಬಿ ಗೋಡೆಯನ್ನು ನೂಕುತ್ತದೆ, ಬಿಸಿಲಿಗೆ ಬಿರಿದು ಕುಸಿಯುತ್ತದೆ. ಸೇತುವೆ ಹತ್ತುವ ಜಾಗದಲ್ಲಿ ಗಾಡಿ ಎಗರಿ, ಹಿಂದೆ ಕೂತವರು ಸೊಂಟ ಹಿಡಿದುಕೊಳ್ಳುವುದು ಈ ಉಳಿತಾಯದ ಫಲ.

ಇನ್ನು ಪರಿಷ್ಕೃತ ಅಂದಾಜು. ಭೂಮಿಯ ಗಲಾಟೆ ಮುಗಿಯುವ ಹೊತ್ತಿಗೆ ದರಪಟ್ಟಿ ಬದಲಾಗಿರುತ್ತದೆ, ಹಣ ಸಾಲದು. ಯಾರೋ ಬುದ್ಧಿವಂತರು ಎರಡು ಸ್ಪ್ಯಾನ್, ಅಂದರೆ ಕಂಬದಿಂದ ಕಂಬಕ್ಕೆ ಹಾಸುವ ಸೇತುವೆಯ ಎರಡು ತುಂಡು, ಕತ್ತರಿಸಿ, ಆ ಜಾಗಕ್ಕೆ ಮಣ್ಣಿನ ಏರಿ ಹಾಕೋಣ ಎನ್ನುತ್ತಾರೆ. ಅದೇ ನೀರು ಈಗ ಕಿರಿದಾದ ಬಾಯಲ್ಲಿ ಹೋಗಬೇಕು. ಒಂದೊಂದು ಮೀಟರ್ ಅಗಲಕ್ಕೆ ಹರಿವು ಹೆಚ್ಚಿದಷ್ಟೂ ತಳ ಕೊರೆಯುವುದು ಹೆಚ್ಚು ಎಂದು ಕಾಲೇಜಿನಲ್ಲಿ ಲೇಸಿ ಸೂತ್ರ ಬರೆದೇ ಎಲ್ಲರೂ ಪಾಸಾಗಿದ್ದಾರೆ. ಕಂಬದ ಬುಡದಲ್ಲಂತೂ ಸರಾಸರಿ ಕೊರೆತದ ಎರಡು ಪಟ್ಟು ಹಿಡಿದು, ಬುನಾದಿಯನ್ನು ಅದಕ್ಕೂ ಕೆಳಗೆ ಇಳಿಸಬೇಕು. ಸ್ಪ್ಯಾನ್ ಕತ್ತರಿಸಿದ ಕಡತದಲ್ಲಿ ಬುನಾದಿಯ ನಕ್ಷೆ ಮಾತ್ರ ಹಳೆಯದೇ. ಮಣ್ಣೊಳಗಿನ ಕಾಂಕ್ರೀಟು ಫೋಟೊದಲ್ಲಿ ಬೀಳುವುದಿಲ್ಲ ನೋಡಿ.

ಮೊದಲ ದೊಡ್ಡ ಹೊಳೆಗೆ ಆ ಎರಡು ಸ್ಪ್ಯಾನಿನ ಜಾಗದಲ್ಲೇ ಏರಿ ಒಡೆಯುತ್ತದೆ. ಸಂಪರ್ಕ ಕಡಿತ. ಪರಿಶೀಲನೆಗೆ ಬಂದವರು ‘ಸೇತುವೆಗೆ ಯಾವುದೇ ಧಕ್ಕೆಯಾಗಿಲ್ಲ’ ಎಂದು ವರದಿ ಕೊಡುತ್ತಾರೆ. ಸುಳ್ಳೇನಲ್ಲ, ಆಗಿರುವುದಿಲ್ಲ.