ವಾಡೆಯನ್ನು ಇಡಿಯಾಗಿ ಮಾರಿ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ, ಆಲಮಟ್ಟಿ ಹಿನ್ನೀರಿನ ಹತ್ತಿರ, ಒಂದು ಹಳೆಯ ವಾಡೆ, ಅಂದರೆ ದೊಡ್ಡ ಮನೆತನದ ಮನೆ, ಮಾರಾಟಕ್ಕಿದೆ. ಅದರ ಜಾಹೀರಾತು ಕಳೆದ ವಾರ ನನ್ನ ಮೊಬೈಲ್‌ಗೂ ಬಂತು. ಆರು ಫೋಟೊಗಳಿದ್ದವು. ಐದರಲ್ಲಿ ಬರೀ ನೀರು: ಹಿನ್ನೀರಿನ ಮೇಲೆ ಸೂರ್ಯಾಸ್ತ, ದಂಡೆಯಲ್ಲಿ ಕಟ್ಟಿದ ಮೀನುಗಾರರ ದೋಣಿ, ದೂರದಲ್ಲಿ ಹಕ್ಕಿಗಳ ಸಾಲು. ಆರನೆಯದರ ಒಂದು ಮೂಲೆಯಲ್ಲಿ ತಲಬಾಗಿಲು ಅರ್ಧ ಕಾಣಿಸುತ್ತಿತ್ತು. ಎರಡು ಎಕರೆ ಜಾಗ, ಸ್ವಂತ ದೋಣಿಕಟ್ಟೆ ಮಾಡಿಕೊಳ್ಳಬಹುದು, ರೆಸಾರ್ಟಿಗೆ ಯೋಗ್ಯ, ಹಳೆಯ ಕಟ್ಟಡವನ್ನು ತೆರವು ಮಾಡಿಕೊಡಲಾಗುವುದು ಎಂದು ಕೆಳಗೆ ಬರೆದಿದ್ದರು.

ಆ ಕೊನೆಯ ಮಾತು ಓದಿದ ಮೇಲೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಭಾನುವಾರ ಹೋಗಿ ನೋಡಿ ಬಂದೆ.

ವಾಡೆಯನ್ನು ನೋಡಿಕೊಳ್ಳುವ ಕಾಕಾ ಎಪ್ಪತ್ತು ದಾಟಿದವರು. ದೊಡ್ಡ ಬಾಗಿಲಿನ ಅಗಳಿಗೆ ಕೈ ಹಚ್ಚಲಿಲ್ಲ, ಅದರೊಳಗಿನ ದಿಡ್ಡಿ ಬಾಗಿಲನ್ನು ತೆರೆದು, ‘ತಲೆ ಬಗ್ಗಿಸಿ ಬಾ ತಂಗಿ’ ಎಂದರು. ಹೊರಗೆ ಬಿಸಿಲು ಸುಡುತ್ತಿತ್ತು. ಪಡಸಾಲೆಗೆ ಕಾಲಿಟ್ಟರೆ ಬಾವಿಕಟ್ಟೆಯ ಹತ್ತಿರ ನಿಂತಂತೆ ತಂಪು. ನಾನು ಎರಡೂ ಕೈ ಚಾಚಿದರೂ ಗೋಡೆಯ ದಪ್ಪ ಅಳತೆಗೆ ಸಿಗುವುದಿಲ್ಲ. ಮೇಲೆ ಸಾಗವಾನಿ ತೊಲೆ, ಅದರ ಮೇಲೆ ಜಂತಿ, ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ವರ್ಷವೂ ಮಾಳಿಗೆಗೆ ಸವಳು ಮಣ್ಣು ಹರಡಬೇಕು. ಈಗ ನಾಲ್ಕು ವರ್ಷದಿಂದ ಹರಡಿಲ್ಲವಂತೆ. ಈಶಾನ್ಯದ ಅಂಕಣದಲ್ಲಿ (ಕಂಬಗಳ ನಡುವಿನ ಜಾಗ) ಸೋರಿದ ಗುರುತು ಗೋಡೆಯುದ್ದಕ್ಕೂ ಇಳಿದಿದೆ. ಸೋರುವುದನ್ನು ತಡೆಯಲು ಯಾರೋ ಆ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದ್ದಾರೆ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಗಿಲಾವಿನ ಹಿಂದೆ ಗೋಡೆ ಪುಡಿಯಾಗುತ್ತ ಹೋಗುತ್ತದೆ. ಬೆರಳಿನಿಂದ ತಟ್ಟಿದೆ, ಟೊಳ್ಳು ಸದ್ದು ಬಂತು. ಇಡೀ ವಾಡೆಯಲ್ಲಿ ನಿಜವಾಗಿ ಕೆಟ್ಟಿರುವುದು ಆ ಒಂದೇ ಅಂಕಣ. ಗಚ್ಚಿನ, ಅಂದರೆ ಸುಣ್ಣದ ಗಾರೆಯ ಕೆಲಸ ಬಲ್ಲವರು ಕೈ ಹಚ್ಚಿದರೆ ಅದೂ ಸರಿಯಾಗುತ್ತದೆ.

ಪಡಸಾಲೆಯ ಕಟ್ಟೆಯ ಮೇಲೆ ಹುಲಿಕಟ್ಟಿನ ಮನೆಗಳನ್ನು ಕೊರೆದಿದ್ದಾರೆ. ಗೆರೆಗಳು ಸವೆದು ನುಣುಪಾಗಿವೆ, ಎಷ್ಟು ಮಕ್ಕಳು ಅಲ್ಲಿ ಕೂತು ಆಡಿದ್ದಾರೋ. ಅದರಾಚೆ ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಬಾಯಿ. ಕಾಕಾ ಮುಚ್ಚಳದ ಕಲ್ಲು ಸರಿಸಿದರು, ನನ್ನನ್ನು ಹತ್ತಿರ ಬಿಡಲಿಲ್ಲ. ಮುಚ್ಚಿಟ್ಟ ಹಗೇವಿನ ಗಾಳಿ ಮನುಷ್ಯನ ಉಸಿರು ಕಟ್ಟಿಸುತ್ತದೆ, ಮೊದಲು ದೀಪ ಇಳಿಬಿಟ್ಟು ಅದು ಉರಿದರೆ ಮಾತ್ರ ಆಳು ಇಳಿಯಬೇಕು ಎಂದು ಹೇಳಿದರು. ಬಿಳಿಜೋಳ ತುಂಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲವಂತೆ. ಹಿನ್ನೀರು ಬಂದ ಮೇಲೆ ನೆಲದೊಳಗೆ ತೇವ ಏರಿ, ಈಗ ಖಾಲಿ.

ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಂಬಗಳ ಮೇಲಿನ ಬಿಳಿ ಗುರುತು ಕಾಣಿಸಿತು. ಪ್ರತಿ ಕಂಬಕ್ಕೂ ಸುಣ್ಣದ ಕಡ್ಡಿಯಿಂದ ಸಂಖ್ಯೆ ಬರೆದಿದ್ದಾರೆ. 1ರಿಂದ 16. ಕಂಬದ ತಲೆಯ ಬೋದಿಗೆಗಳಿಗೆ ಬೇರೆ ಸಂಖ್ಯೆ, ಬಾಗಿಲುವಾಡಕ್ಕೆ ಬೇರೆ. ಮನೆಯ ವ್ಯವಹಾರ ಮುಗಿಯುವ ಮೊದಲೇ ಕಟ್ಟಿಗೆಯ ವ್ಯಾಪಾರಿ ಬಂದು ಹೋಗಿದ್ದಾನೆ.

ನಾನು ಹಳೆಯ ಬಾಗಲಕೋಟೆಯ ಮಗಳು. ನಮ್ಮ ಮನೆ ಇದ್ದ ಓಣಿ ಈಗ ನೀರಿನಲ್ಲಿದೆ. ಕೃಷ್ಣಾ ನದಿಯ ಆಲಮಟ್ಟಿ ಆಣೆಕಟ್ಟೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ನಡುವಿನ 42 ವರ್ಷ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ‘ಹೇಗೂ ಮುಳುಗುವ ಮನೆ, ಸುಣ್ಣ ಯಾಕೆ?’ ನೀರು ಬಂದದ್ದು ಆಮೇಲೆ, ನಾವು ಮನೆಯ ಕೈಬಿಟ್ಟದ್ದು ಅದಕ್ಕೂ ಮೊದಲು. ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಬಂದಾಗ ಅಪ್ಪ ಎರಡು ಬಾಗಿಲು, ಒಂದು ತೊಟ್ಟಿಲು ತಂದರು. ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಯೋಜನೆ ಹಾಕಿದ ಊರದು, ರಸ್ತೆ ಅಗಲ, ಗಾಳಿ ಬೆಳಕಿಗೆ ಕೊರತೆಯಿಲ್ಲ. ಆದರೆ ಆ ಬಾಗಿಲುಗಳು ಅಲ್ಲಿನ ಗೋಡೆಗೆ ಕೂಡಲೇ ಇಲ್ಲ. ಹದಿನೈದು ವರ್ಷ ಹಿತ್ತಲಿನಲ್ಲಿ ಒರಗಿ ನಿಂತು ಗೆದ್ದಲು ಹಿಡಿದವು.

ಕಂಬ ಬೇರೆ, ಬಾಗಿಲು ಬೇರೆ ಮಾರಿದರೆ ಏನು ಉಳಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡ ಕಾರಣಕ್ಕೇ ಇಷ್ಟು ಹೇಳುತ್ತಿದ್ದೇನೆ.

ವಾಡೆಯ ಯಜಮಾನರು ನಾಲ್ವರು ಅಣ್ಣತಮ್ಮಂದಿರು. ಅವರನ್ನು ಬೈಯುವವರ ಗುಂಪಿಗೆ ನಾನು ಸೇರುವುದಿಲ್ಲ. ಒಬ್ಬರು ಪುಣೆಯಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ, ವಾಟ್ನಿ (ಆಸ್ತಿ ಪಾಲು) ಆಗಿ ಯಾರ ಪಾಲಿಗೂ ಪೂರ್ತಿ ಮನೆ ಬಂದಿಲ್ಲ. ಸೋರುವ ಮಾಳಿಗೆಯ ಖರ್ಚನ್ನು ಯಾರು ಹಾಕಬೇಕು ಎಂಬಲ್ಲಿಗೆ ಬಂದು ಎಲ್ಲರೂ ನಿಲ್ಲುತ್ತಾರೆ. ಮಾರಲಿ. ಮಾರುವುದು ತಪ್ಪಲ್ಲ. ಕೆಡವಿ ಮಾರುವುದಕ್ಕೆ ಮಾತ್ರ ನನ್ನ ವಿರೋಧ.

ಈ ಭಾಗದ ಮನೆಗಳನ್ನು ಉಳಿಸಿದವರು ಇಲ್ಲವೆಂದಲ್ಲ. ಮುಧೋಳ ಅರಮನೆಯ ದರ್ಬಾರ್ ಹಾಲ್ ಇಂದು ಮಣಿಪಾಲದಲ್ಲಿದೆ. ವಿಜಯನಾಥ ಶೆಣೈ ಅವರು ಕಟ್ಟಿದ ಪಾರಂಪರಿಕ ಗ್ರಾಮದಲ್ಲಿ ಅದನ್ನು ಮತ್ತೆ ನಿಲ್ಲಿಸಿದ್ದಾರೆ. ಇಳಕಲ್ಲಿನ ನೇಕಾರರ ಮನೆಯೊಂದನ್ನು ಚೆನ್ನೈ ಹತ್ತಿರದ ದಕ್ಷಿಣಚಿತ್ರ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಆ ಪುಣ್ಯಾತ್ಮರಿಗೆ ಕೈಮುಗಿಯುತ್ತೇನೆ. ಮಣಿಪಾಲಕ್ಕೆ ಹೋದಾಗ ಆ ದರ್ಬಾರಿನ ಕಂಬಗಳ ನಡುವೆ ತುಂಬಾ ಹೊತ್ತು ನಿಂತಿದ್ದೆ. ಹೊರಗೆ ಕರಾವಳಿಯ ಮಳೆ ಸುರಿಯುತ್ತಿತ್ತು. ಮುಧೋಳದ ಮಗುವೊಂದು ತನ್ನ ಊರಿನ ದರ್ಬಾರನ್ನು ನೋಡಲು ಘಟ್ಟ ಇಳಿದು ಅಲ್ಲಿಗೆ ಬರಬೇಕಲ್ಲ ಎಂದು ಅನಿಸಿ ಗಂಟಲು ಬಿಗಿಯಿತು. ಈ ವಾಡೆಗೆ ಆ ಗತಿಯೂ ಇಲ್ಲ. ಹದಿನಾರು ಕಂಬ ಹದಿನಾರು ಊರಿಗೆ ಹೋಗುತ್ತವೆ.

ದಲ್ಲಾಳಿಗೂ ಫೋನ್ ಮಾಡಿದೆ. ಮಾತಿನಲ್ಲಿ ಸಭ್ಯರು. ‘ಮೇಡಂ, ಆಣೆಕಟ್ಟೆಯ ಎತ್ತರ ಏರಿದರೆ ನೀರು ಇನ್ನೂ ಹತ್ತಿರ ಬರುತ್ತದೆ, ಜಾಗದ ಬೆಲೆ ಎರಡು ಪಟ್ಟಾಗುತ್ತದೆ’ ಎಂದರು. ನಾನು ಫೋನ್ ಹಿಡಿದುಕೊಂಡು ಕ್ಷಣ ಮಾತಿಲ್ಲದೆ ನಿಂತೆ. ಈಗ ನೀರು ನಿಲ್ಲುವುದು 519.60 ಮೀಟರಿಗೆ. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ನಡುವಿನ ಆ ನಾಲ್ಕೂವರೆ ಮೀಟರಿನಲ್ಲಿ ಎಷ್ಟು ಹೊಲ, ಎಷ್ಟು ಊರ ಅಗಸಿ (ಹೆಬ್ಬಾಗಿಲು), ಎಷ್ಟು ಹನುಮಪ್ಪನ ಗುಡಿಗಳಿವೆ ಎಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತು. ಇನ್ನೊಬ್ಬರ ಹೊಲ ಮುಳುಗುವುದನ್ನು ಲಾಭದ ಲೆಕ್ಕಕ್ಕೆ ಸೇರಿಸಿ ಮಾತಾಡುವುದನ್ನು ನಾನು ಅಂದೇ ಮೊದಲು ಕೇಳಿದ್ದು.

ಕೊಳ್ಳುವವರೂ ಒಂದು ಮಾತು ತಿಳಿದುಕೊಳ್ಳಬೇಕು. ಜಾಹೀರಾತಿನ ಫೋಟೊಗಳು ಜಲಾಶಯ ತುಂಬಿದ ಹೊತ್ತಿನವು. ಬೇಸಿಗೆಯಲ್ಲಿ ಬಂದು ನೋಡಿ. ನೀರು ಹಿಂದೆ ಸರಿದು, ಬಿರಿದ ಎರೆಮಣ್ಣು ಕಣ್ಣು ಹಾಯುವವರೆಗೆ ಬಿದ್ದಿರುತ್ತದೆ. ನಿಮ್ಮ ದೋಣಿಕಟ್ಟೆ ಆಗ ಒಣ ನೆಲದ ಮೇಲೆ ನಿಂತಿರುತ್ತದೆ. ವರ್ಷಪೂರ್ತಿ ಅಲ್ಲಿ ಅಲುಗದೆ ಇರುವುದು ಆ ವಾಡೆಯೊಂದೇ. ಮೇ ತಿಂಗಳ ಮಧ್ಯಾಹ್ನ ಯಂತ್ರವಿಲ್ಲದೆ ತಂಪಾಗಿರುವ ಪಡಸಾಲೆಯನ್ನು ಒಡೆದು, ಅದೇ ಜಾಗದಲ್ಲಿ ಗಾಜಿನ ಕೋಣೆ ಕಟ್ಟಿ ಎ.ಸಿ. ಹಾಕುವುದು ಯಾವ ಲೆಕ್ಕ? ಅತಿಥಿಗಳನ್ನು ಇಳಿಸಬೇಕೆಂದಿದ್ದರೆ ಆ ಪಡಸಾಲೆಯಲ್ಲೇ ಇಳಿಸಿ, ಜೋಳದ ರೊಟ್ಟಿ, ಕೊಲ್ಹಾರದ ಮೊಸರು ಬಡಿಸಿ. ಜನ ಹುಡುಕಿಕೊಂಡು ಬರುತ್ತಾರೆ.

ಸರ್ಕಾರ ಬಂದು ಕಾಪಾಡಲಿ ಎಂದು ಕಾಯುವ ಹೊತ್ತಲ್ಲ ಇದು. ಬಾದಾಮಿ, ಐಹೊಳೆ, ಪಟ್ಟದಕಲ್ಲು ಇರುವ ಜಿಲ್ಲೆಯಲ್ಲಿ ಖಾಸಗಿ ವಾಡೆಯೊಂದರ ಕಡೆಗೆ ಯಾವ ಕಡತವೂ ತಿರುಗುವುದಿಲ್ಲ. ನಾಲ್ವರಲ್ಲಿ ಹುಬ್ಬಳ್ಳಿಯ ಅಣ್ಣನವರ ಹತ್ತಿರ ಮಾತಾಡಿದ್ದೇನೆ. ಇಡಿಯಾಗಿ ಕೊಳ್ಳುವವರು ಅಥವಾ ದೀರ್ಘ ಗುತ್ತಿಗೆಗೆ ಹಿಡಿಯುವವರು ಸಿಕ್ಕರೆ ತಮ್ಮಂದಿರನ್ನು ಒಪ್ಪಿಸುವುದಾಗಿ ಹೇಳಿದ್ದಾರೆ. ಇಸಾರ ಪತ್ರ (ಮುಂಗಡ ಕೊಟ್ಟು ಮಾಡುವ ಮಾರಾಟದ ಕರಾರು) ಆಗುವುದು ದೀಪಾವಳಿಯ ನಂತರ. ಅಲ್ಲಿಯವರೆಗೆ ಒಂದು ಕಂಬವನ್ನೂ ಕೀಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ, ಆ ಮಾತನ್ನು ನಾನು ನಂಬಿದ್ದೇನೆ.

ಬರುವ ಭಾನುವಾರ ಅಳತೆಪಟ್ಟಿ ಹಿಡಿದು ಮತ್ತೆ ಹೋಗುತ್ತಿದ್ದೇನೆ. ಅಂಕಣ, ಕಂಬ, ಬೆಳಕಿಂಡಿ ಎಲ್ಲವನ್ನೂ ಅಳೆದು ನಕ್ಷೆ ಮಾಡಿಡಬೇಕು. ವಾಸ್ತುಶಿಲ್ಪ ಓದುತ್ತಿರುವ ಮಕ್ಕಳು ಜೊತೆಗೆ ಬಂದರೆ ಉಪಕಾರವಾಗುತ್ತದೆ. ಗಚ್ಚಿನ ಕೆಲಸ ಬಲ್ಲ ಹಿರಿಯರು ಗುಳೇದಗುಡ್ಡ, ಇಳಕಲ್ಲು, ಜಮಖಂಡಿ ಕಡೆ ಯಾರಾದರೂ ಇದ್ದರೆ ನನಗೆ ಸಂದೇಶ ಕಳಿಸಿ. ಕೊಳ್ಳುವ ಮನಸ್ಸಿದ್ದವರೂ ಕಳಿಸಿ, ಊರಿನ ಹೆಸರು ಹೇಳುತ್ತೇನೆ. ಕಾಕಾ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ದಿಡ್ಡಿ ಬಾಗಿಲು ತೆರೆದಿಟ್ಟಿರುತ್ತಾರೆ. ಒಳಗೆ ಹೋಗುವಾಗ ತಲೆ ಬಗ್ಗಿಸಿ.