ಮೂರೂವರೆ ರಾತ್ರಿಗೆ ಒಂದು ಆಲ್ಬಂ

ಡಿಸೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ, ವರ್ಷವಿಡೀ ನಾನು ಯಾವ ಸಂಗೀತವನ್ನು ಮೆಚ್ಚಿಕೊಂಡಿದ್ದೆ ಎಂಬುದನ್ನು ನನ್ನ ಮೊಬೈಲು ನನಗೆ ತಿಳಿಸಿತು. ಬಣ್ಣಬಣ್ಣದ ಚಿತ್ರಗಳು ಒಂದರ ಹಿಂದೆ ಒಂದರಂತೆ ತೆರೆಯ ಮೇಲೆ ಮೂಡಿ, ನನ್ನ ಅಚ್ಚುಮೆಚ್ಚಿನ ಐದು ಆಲ್ಬಂಗಳು ಇಂಥಿಂಥವೆಂದು ಸಾರಿ, ಅವುಗಳಲ್ಲಿ ನಾಲ್ಕು ಮಾಪಿಳ್ಳೆ ಪಾಟುಗಳೆಂದೂ, ಅಂದರೆ ಕೇರಳದ ಮುಸಲ್ಮಾನರ ಮಲಯಾಳ ಹಾಡುಗಳೆಂದೂ, ಅವುಗಳ ಗಾಯಕನನ್ನು ಅತಿ ಹೆಚ್ಚು ಆಲಿಸಿದ ನೂರಕ್ಕೊಬ್ಬರ ಸಾಲಿನಲ್ಲಿ ನಾನಿದ್ದೇನೆಂದೂ ಅಭಿನಂದಿಸಿ, ಕೊನೆಗೆ ಈ ಸಂತಸವನ್ನು ಬಂಧುಮಿತ್ರರೊಂದಿಗೆ ಹಂಚಿಕೊಳ್ಳುವಿರಾ ಎಂದು ಕೇಳಿದವು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ, ಕನ್ನಡದ ಹಕ್ಕಿಗಾಗಿ ಹಲವು ಸಲ ಬಿಸಿಲಿನಲ್ಲಿ ಧರಣಿ ಕುಳಿತು ನಿವೃತ್ತನಾದವನು ನಾನು. ಹಂಚಿಕೊಳ್ಳುವ ಧೈರ್ಯ ಬರಲಿಲ್ಲ.

ಲೆಕ್ಕ ಸುಳ್ಳೆಂದು ಹೇಳುವಂತಿಲ್ಲ. ಕಳೆದ ಬೇಸಗೆಯಲ್ಲಿ ಚಾಲಿ, ಅಂದರೆ ಒಣಗಿಸಿದ, ಅಡಿಕೆ ಸುಲಿಯಲು ಬಂದಿದ್ದ ನಾಲ್ವರು, ಕೈಗೆ ಕೆಲಸವಿದ್ದರೂ ಕಿವಿಗೆ ಕೆಲಸವಿಲ್ಲವೆಂಬ ಕಾರಣಕ್ಕೆ ನನ್ನ ಮೊಬೈಲನ್ನು ಕೇಳಿ ಪಡೆದು, ಅದನ್ನೊಂದು ಸ್ಟೀಲಿನ ಚೆಂಬಿನೊಳಗೆ ನಿಲ್ಲಿಸಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಹಾಡು ಹಾಕುತ್ತಿದ್ದರು. ಚೆಂಬಿನ ಬಾಯಿಂದ ಬಂದ ಆ ಹಾಡುಗಳೆಲ್ಲ ನನ್ನ ಖಾತೆಗೆ ಜಮೆಯಾಗಿವೆ. ಐದನೆಯ ಆಲ್ಬಂ, ನನ್ನ ಹೆಂಡತಿ ದೋಸೆ ಎರೆಯುವಾಗ ಹಾಕುವ ಸ್ತೋತ್ರಮಾಲೆ. ಅಂತೂ ನನ್ನ ವರ್ಷದ ಸಂಗೀತಾಭಿರುಚಿಯನ್ನು ಅಡಿಕೆ ಮತ್ತು ದೋಸೆ ಸೇರಿ ನಿರ್ಧರಿಸಿದವು.

ಗಡಿನಾಡಿನವರಿಗೆ ವರದಿಗಳು ಹೊಸತಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; ಗಡಿ ವಿವಾದದ ವಿಚಾರಣೆಗೆಂದು 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ವರದಿ ಒಪ್ಪಿಸಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಹೇಳಿತು; ಆ ವರದಿ ಇಂದಿಗೂ ಕಪಾಟಿನಲ್ಲಿದೆ. ಮೊಬೈಲಿನ ವರದಿಯಾದರೋ ಒಪ್ಪಿಸಿದ ದಿನವೇ ಜಾರಿಯಾಯಿತು. ಅಹವಾಲು ಕೇಳಲಿಲ್ಲ, ಸಾಕ್ಷಿ ವಿಚಾರಣೆಯಿಲ್ಲ, ಆಕ್ಷೇಪಣೆಗೆ ಮೂವತ್ತು ದಿನಗಳ ಗಡುವಿಲ್ಲ. ಮರುದಿನದಿಂದಲೇ ಅದು ನನಗೆ ಮಲಯಾಳದ ಹಾಡುಗಳನ್ನಲ್ಲದೆ ಬೇರೇನನ್ನೂ ತೋರಿಸದಾಯಿತು. ಸಪ್ತಭಾಷೆಗಳ ನಾಡು ಎಂದು ನಾವು ಭಾಷಣಗಳಲ್ಲಿ ಹೇಳಿಕೊಳ್ಳುವ ಊರಿನಲ್ಲಿ ಕುಳಿತು ಹುಡುಕುವ ಜಾಗದಲ್ಲಿ ತುಳು ಎಂದು ಬರೆದರೆ, ತಾವು ತೆಲುಗು ಎನ್ನಹೊರಟಿರಾ ಎಂದು ವಿನಯದಿಂದ ವಿಚಾರಿಸಿತು.

ಇಷ್ಟಕ್ಕೇ ನಿಂತಿದ್ದರೆ ಇದು ನನ್ನೊಬ್ಬನ ಮನೆಯ ಸಂಗತಿಯಾಗಿ ಮುಗಿಯುತ್ತಿತ್ತು. ಆದರೆ ನಮ್ಮೂರಿನ ಗ್ರಂಥಾಲಯದವರು ಡಿಸೆಂಬರಿನ ಕೊನೆಯ ಭಾನುವಾರ ‘ವರ್ಷದ ನನ್ನ ಮೆಚ್ಚಿನ ಆಲ್ಬಂ’ ಎಂಬ ಗೋಷ್ಠಿಯನ್ನು ಏರ್ಪಡಿಸಿ, ನನ್ನನ್ನೂ ಭಾಷಣಕಾರರ ಸಾಲಿಗೆ ಸೇರಿಸಿದರು. ವರ್ಷಾಂತ್ಯದಲ್ಲಿ ಪಟ್ಟಿ ಓದುವುದು ಈಗ ಹೊಸ್ತಿಲಿಗೆ ರಂಗೋಲಿ ಇಟ್ಟಷ್ಟೇ ಕಡ್ಡಾಯವಾಗಿದೆ. ಮೊದಲು ಮಾತನಾಡಿದವರು ನಿವೃತ್ತ ಬ್ಯಾಂಕ್ ಅಧಿಕಾರಿಗಳು. ಅವರು ಹತ್ತು ವಿದೇಶಿ ಆಲ್ಬಂಗಳನ್ನು ಹೆಸರಿಸಿ, ಹತ್ತರಲ್ಲೂ ‘ಶಬ್ದದ ಪದರುಗಳು’ ತಮ್ಮನ್ನು ಕಾಡಿದವೆಂದರು. ಒಬ್ಬಳೇ ಗಾಯಕಿಯ ಹೆಸರನ್ನು ಕಾಲು ಗಂಟೆಯಲ್ಲಿ ಮೂರು ವಿಧವಾಗಿ ಉಚ್ಚರಿಸಿದ್ದರಿಂದ, ಸಭೆಯಲ್ಲಿದ್ದವರು ಆಕೆಯನ್ನು ಮೂವರು ಅಕ್ಕತಂಗಿಯರೆಂದು ತಿಳಿದರು. ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಎಂಜಿನಿಯರ್ ಹುಡುಗ, ತನ್ನ ಮೊಬೈಲು ಕೊಟ್ಟ ಪಟ್ಟಿಯನ್ನು ಹಾಗೆಯೇ ಓದಿ, ತನಗಿಂತ ಚೆನ್ನಾಗಿ ತನ್ನನ್ನು ಅದೇ ಬಲ್ಲದೆಂದು ಹೇಳಿ ಕುಳಿತ. ಪ್ರಾಮಾಣಿಕ. ಮೂರನೆಯವರು ಕವಿಗಳು, ಮೌನವೇ ತನ್ನ ವರ್ಷದ ಆಲ್ಬಮ್ಮೆಂದು ಸಾರಿ, ಅದರ ಬಗ್ಗೆ ನಲವತ್ತು ನಿಮಿಷ ಮಾತನಾಡಿದರು.

ಆಲ್ಬಂ ಎಂದರೇನೆಂಬುದೇ ಈ ಪಟ್ಟಿಗಳಲ್ಲಿ ಯಾರಿಗೂ ಅಡ್ಡಿಯಾಗುವುದಿಲ್ಲ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷದ ಹಾಡು ಹಿಡಿಸುತ್ತಿದ್ದ ಗ್ರಾಮೊಫೋನ್ ತಟ್ಟೆಗಳನ್ನು, ಫೋಟೊ ಆಲ್ಬಮ್ಮಿನಂತೆ ಹೊಲಿದ ಲಕೋಟೆಗಳ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದುದರಿಂದ ಆ ಹೆಸರು ಬಂತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಯು ಲಾಂಗ್ ಪ್ಲೇ ತಟ್ಟೆಯನ್ನು ತಂದ ಮೇಲೆ ಪುಸ್ತಕ ಹೋಯಿತು, ಹೆಸರು ಉಳಿಯಿತು. ಈಗ ತಟ್ಟೆಯೂ ಇಲ್ಲ, ಲಕೋಟೆಯೂ ಇಲ್ಲ, ಲೆಕ್ಕ ಮಾತ್ರ ಇದೆ. ಆ ಲೆಕ್ಕವಾದರೂ ಎಂಥದ್ದು! ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯವರು 2014ರ ಡಿಸೆಂಬರಿನಲ್ಲಿ, ಒಂದು ಆಲ್ಬಮ್ಮಿನ ಹಾಡುಗಳನ್ನು ಜನರು ಇಂಟರ್ನೆಟ್ಟಿನಲ್ಲಿ ಒಟ್ಟು 1500 ಸಲ ಆಲಿಸಿದರೆ ಒಂದು ಆಲ್ಬಂ ಮಾರಾಟವಾದಂತೆ ಎಂದು ನಿಶ್ಚಯಿಸಿದರು. ಹನ್ನೆರಡು ಹಾಡುಗಳಿದ್ದು, ಹನ್ನೊಂದನ್ನು ಯಾರೂ ಮೂಸದೆ, ಒಂದನ್ನೇ 1500 ಸಲ ತಿರುಗಿಸಿದರೂ ಆಯಿತು. 2018ರಲ್ಲಿ ಅದನ್ನು ತಿದ್ದಿ, ಚಂದಾ ಕೊಟ್ಟವರದಾದರೆ 1250 ಸಲ, ಜಾಹೀರಾತು ಸಹಿಸಿಕೊಂಡು ಪುಕ್ಕಟೆ ಕೇಳುವವರದಾದರೆ 3750 ಸಲ ಎಂದು ಮಾಡಿದರು; 2025ರ ಕೊನೆಯ ತನಕ ಆ ದರವೇ ನಡೆಯಿತು. ಪುಕ್ಕಟೆ ಕೇಳುವ ಮೂವರ ಕಿವಿ ಸೇರಿದರೆ ದುಡ್ಡು ಕೊಟ್ಟ ಒಬ್ಬನ ಕಿವಿಗೆ ಸಮ ಎಂಬ ಈ ವರ್ಣಾಶ್ರಮ ಯಾವ ಸ್ಮೃತಿಯಲ್ಲೂ ಇರಲಿಲ್ಲ. ಇನ್ನು ‘ಒಂದು ಸಲ’ ಎಂದರೆ, ಈ ವ್ಯಾಪಾರದ ರೂಢಿಯಲ್ಲಿ, 30 ಸೆಕೆಂಡು. ಅಷ್ಟು ಹೊತ್ತಿನಲ್ಲಿ ನಮ್ಮ ಸಂಗೀತ ಕಛೇರಿಯಲ್ಲಿ ಮೈಕಿನವನು ಹಲೋ ಎಂದೂ ಮುಗಿಸಿರುವುದಿಲ್ಲ.

ಗೋಷ್ಠಿಯಲ್ಲಿ ಕುಳಿತೇ ನಾನು ಆಹ್ವಾನಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ನಮ್ಮ ಹರಕೆಯ ಯಕ್ಷಗಾನ ಬಯಲಾಟವು ಪುಕ್ಕಟೆಯಾದುದರಿಂದ ಅಂದಿನ 3750ರ ದರವೇ ಅನ್ವಯಿಸುತ್ತಿತ್ತು. ರಾತ್ರಿ ಒಂಬತ್ತರಿಂದ ಬೆಳಗಿನ ಆರರ ತನಕ ಒಂಬತ್ತು ಗಂಟೆ. 30 ಸೆಕೆಂಡುಗಳ ಲೆಕ್ಕದಲ್ಲಿ 1080 ಸಲ. ಅಂದರೆ ಸುಮಾರು ಮೂರೂವರೆ ರಾತ್ರಿ ನಿದ್ದೆಗೆಟ್ಟು ಆಟ ನೋಡಿದರೆ ನಾನು ಒಂದು ಆಲ್ಬಂ ಕೇಳಿದವನಾಗುತ್ತೇನೆ. ನಡುರಾತ್ರಿಗೇ ಮಂಗಳ ಹಾಡುವ ಕಾಲಮಿತಿಯ ಆಟವಾದರೆ ಐದು ರಾತ್ರಿಯೂ ಸಾಲದು.

ಸಭೆಯ ಕೊನೆಯ ಬೆಂಚಿನಲ್ಲಿ ಕ್ಯಾಸೆಟ್ ಅಂಗಡಿಯ ಕಾಕ ಕುಳಿತಿದ್ದರು. ಅವರ ಅಂಗಡಿಯಲ್ಲಿ ಈಗ ಮೊಬೈಲಿನ ಕವರು, ಚಾರ್ಜರು ಮಾರುತ್ತಾರಾದರೂ ಊರಿನ ಬಾಯಲ್ಲಿ ಅದು ಕ್ಯಾಸೆಟ್ ಅಂಗಡಿಯೇ. ಪ್ರಶ್ನೋತ್ತರದ ಹೊತ್ತಿಗೆ ಅವರು ಎದ್ದು ನಿಂತು, ಬ್ಯಾಂಕಿನವರನ್ನು ಉದ್ದೇಶಿಸಿ, “ಸಾರ್, ನೀವು ಹೇಳಿದ ಮೊದಲನೇ ಆಲ್ಬಂ ಉಂಟಲ್ಲ, ಅದರ ಎರಡನೇ ಬದಿಯ ಮೊದಲ ಹಾಡು ಯಾವುದು?” ಎಂದು ಕೇಳಿದರು. ಈಗ ಬದಿಗಳೇ ಇಲ್ಲವೆಂದು ಬ್ಯಾಂಕಿನವರು ವಿವರಿಸಿದರು. “ಹಾಗಾದರೆ ಆರನೇ ಹಾಡು?” ಅಧ್ಯಕ್ಷರು ಸಮಯದ ಅಭಾವವನ್ನು ನೆನಪಿಸಿದರು.

ಕಾಕನ ಪ್ರಶ್ನೆಯ ಹಿಂದೆ ಒಂದು ಕಸುಬಿದೆ. ಅವರ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡುಗಳನ್ನು ತುಂಬಿಸಿಕೊಡುತ್ತಿದ್ದ ಕಾಲದಲ್ಲಿ, ನಾವು ಚೀಟಿಯಲ್ಲಿ ಪಟ್ಟಿ ಬರೆದು ಕೊಡಬೇಕಿತ್ತು. ಅರುವತ್ತು ನಿಮಿಷದ ಕ್ಯಾಸೆಟ್ಟು, ಬದಿಗೆ ಮೂವತ್ತು. ಐದೈದು ನಿಮಿಷದ ಹಾಡುಗಳಾದರೆ ಹನ್ನೆರಡು. ನಾನು ಹದಿಮೂರು ಬರೆದಿರುತ್ತಿದ್ದೆ. ಕಾಕ ಕನ್ನಡಕ ಏರಿಸಿ, ಚೀಟಿಯ ಮೇಲೆ ಪೆನ್ಸಿಲು ಆಡಿಸುತ್ತ, “ಒಂದು ಬಿಡಬೇಕು ಮಾಷ್ಟ್ರೇ, ಯಾವುದನ್ನು ಬಿಡುವುದು?” ಎಂದು ಕೇಳುತ್ತಿದ್ದರು. ಭಾವಗೀತೆಯನ್ನು ಬಿಡುವುದೋ, ಭಾಗವತರ ಪದ್ಯವನ್ನು ಬಿಡುವುದೋ ಎಂದು ನಾನು ಆ ಅಂಗಡಿಯ ಮುಂದೆ ನಿಂತು, ಕಣ್ಣೆದುರೇ ಬದಿಯಡ್ಕದ ಬಸ್ಸು ಹೊರಟುಹೋದದ್ದೂ ಉಂಟು. ಹಾಡಿಗಿಷ್ಟೆಂದು ದುಡ್ಡು. ತಿಂಗಳ ಕೊನೆಯಾದರೆ ಬಾಕಿ.

ನನ್ನ ಸರದಿ ಬಂದಾಗ ಮಾಪಿಳ್ಳೆ ಪಾಟಿನ ವರದಿಯನ್ನು ಬಚ್ಚಿಟ್ಟು, ಯಕ್ಷಗಾನದ ಹಾಡುಗಾರರಾದ ಬಲಿಪ ನಾರಾಯಣ ಭಾಗವತರ ಹೆಸರು ಹೇಳಿದೆ. ಇದೇ ಜಿಲ್ಲೆಯ ಪಡ್ರೆಯಲ್ಲಿ ಹುಟ್ಟಿ, 2023ರ ಫೆಬ್ರುವರಿಯಲ್ಲಿ ತೀರಿಕೊಂಡ ಅವರ ಏರುಶ್ರುತಿಯ ಪದ್ಯಗಳನ್ನು ಚಾಪೆಯ ಮೇಲೆ ಅರ್ಧ ನಿದ್ದೆಯಲ್ಲಿ ಕೇಳಿ ಬೆಳೆದವನು ನಾನು. ಈ ವರ್ಷವೂ ನಾನು ಮನಸ್ಸಿನೊಳಗೆ ಹೆಚ್ಚು ಕೇಳಿದ್ದು ಅದನ್ನೇ. ಯಾವ ವರ್ಷ ಬಿಡುಗಡೆಯಾದ ಆಲ್ಬಂ ಎಂದು ಅಧ್ಯಕ್ಷರು ಕೇಳಿದರು. ಭಾಗವತರಿಗೆ ಬಿಡುಗಡೆಯಾಗುವುದು ಬೆಳಗಿನ ಮಂಗಳದ ಹೊತ್ತಿಗೆ ಎಂದೆ. ವರ್ಷದ ಆಲ್ಬಂ ಎಂಬ ಶೀರ್ಷಿಕೆಯಡಿ ಇದನ್ನು ಪರಿಗಣಿಸಲಾಗದೆಂದು ನಿರ್ಣಯವಾಯಿತು.

ವರ್ಷ ಎಂಬುದರಲ್ಲೂ ಒಂದು ಗಮ್ಮತ್ತಿದೆ. ಮೊಬೈಲಿನವರು ಡಿಸೆಂಬರಿಗೆ ಚಿತ್ರ ಕಳುಹಿಸಬೇಕಾದುದರಿಂದ ಅದಕ್ಕೂ ಕೆಲವು ವಾರ ಮೊದಲೇ ಎಣಿಕೆಯನ್ನು ಮುಚ್ಚುತ್ತಾರೆ. ನಮ್ಮಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ಬಿಚ್ಚುವುದು ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯಂದು. (ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು, ಹೆಚ್ಚುಕಡಿಮೆ ಗೆಜ್ಜೆ ಬಿಚ್ಚುವ ದಿನವೇ, ಆಳುವವರು ಮುಹೂರ್ತ ನೋಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.) ಹಾಗಾಗಿ ನಮ್ಮ ಚೆಂಡೆ ಸದ್ದು ಮಾಡತೊಡಗುವ ಹೊತ್ತಿಗೆ ಲೋಕದ ಸಂಗೀತವರ್ಷ ಮುಗಿದು, ಮೆಚ್ಚುಗೆಗಳೆಲ್ಲ ಮುದ್ರೆ ಒತ್ತಿಸಿಕೊಂಡಿರುತ್ತವೆ.

ಗೋಷ್ಠಿ ಮುಗಿದು ಚಹಾ ಕುಡಿಯುವಾಗ ಕಾಕ ಬಳಿಗೆ ಬಂದು, “ನಿಮ್ಮ ಪಟ್ಟಿ ನನ್ನತ್ರ ಉಂಟು ಮಾಷ್ಟ್ರೇ” ಎಂದರು. ಯಾವ ಪಟ್ಟಿ ಎಂದೆ. ಹಳೆಯ ಬಾಕಿ ಪುಸ್ತಕಕ್ಕೆ ಅಂಟಿಸಿಟ್ಟ ಚೀಟಿಯಂತೆ. ನನ್ನದೇ ಅಕ್ಷರದಲ್ಲಿ ಹದಿಮೂರು ಹಾಡು, ಒಂದಕ್ಕೆ ಪೆನ್ಸಿಲಿನ ಗೀಟು. “ಅದರಲ್ಲಿ ಎರಡು ಹಾಡಿನ ದುಡ್ಡು ಬರಬೇಕು.”

ಒಂದು ವಿಷಯವನ್ನು ಗೋಷ್ಠಿಯಲ್ಲಿ ಹೇಳಲಿಲ್ಲ. ಚೆಂಬಿನಿಂದ ಹೊರಟು ತಿಂಗಳುಗಟ್ಟಲೆ ಕಿವಿಗೆ ಬಿದ್ದ ಆ ಪಾಟುಗಳಲ್ಲಿ ಒಂದನ್ನು ನಾನು ಈಗ ಸ್ನಾನ ಮಾಡುವಾಗ ಗುನುಗುತ್ತೇನೆ. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿ ಬರುವುದನ್ನು, ಮಕ್ಕಳಿಗೆ ಆದಿಪ್ರಾಸ ಕಲಿಸಿದ ಈ ಕಿವಿ ಹಿಡಿಯದೆ ಬಿಟ್ಟೀತೆ? ಸುಲಿಯುವವರಲ್ಲಿ ಹಿರಿಯನನ್ನು ಕೇಳಿದಾಗ, ತಮ್ಮಲ್ಲಿ ಅದಕ್ಕೆ ಕಳುತ್ತ್, ಅಂದರೆ ಕುತ್ತಿಗೆ, ಎನ್ನುತ್ತಾರೆಂದು ತಿಳಿಸಿ, ತಲೆಯ ಕೆಳಗೆ ಇರುವುದು ಅದೇ ಅಲ್ಲವೇ ಮಾಷ್ಟ್ರೇ ಎಂದ. ಮೂವತ್ತೊಂದು ವರ್ಷದಲ್ಲಿ ನನಗೆ ಇಷ್ಟು ಸಲೀಸಾಗಿ ವಿವರಿಸಲು ಬಂದಿರಲಿಲ್ಲ. ಮೊಬೈಲಿನ ವರದಿಯ ವಿರುದ್ಧ ಸಲ್ಲಿಸಬೇಕೆಂದಿದ್ದ ಮೇಲ್ಮನವಿಯನ್ನು ಆ ಕಾರಣಕ್ಕೆ ತಡೆಹಿಡಿದಿದ್ದೇನೆ.

ಹೊಸ ಅಡಿಕೆ ಈಗ ಅಂಗಳದಲ್ಲಿ ಒಣಗುತ್ತಿದೆ. ಶಿವರಾತ್ರಿ ಕಳೆದು ಬರುತ್ತೇವೆಂದು ಆ ನಾಲ್ವರು ಹೇಳಿ ಕಳುಹಿಸಿದ್ದಾರೆ. ಮೊಬೈಲಿಗೆ ಚಾರ್ಜ್ ಮಾಡಿಡಬೇಕಂತೆ, ಚೆಂಬು ಸ್ವಲ್ಪ ದೊಡ್ಡದಿರಲಿ ಅಂತೆ.